ಕರಿಮಣ್ಣಿನ ಗುರುತು

ಬುಕ್ಕಸಾಗರದ ಹೊಳೆದಂಡೆಯಲ್ಲಿ ಹಿಂದಿನ ಕಾಲದವರು ನೆಲ ತೋಡಿ, ಆ ಗುಂಡಿಗಳ ಮೇಲೆ ಹುಲ್ಲಿನ ಚಪ್ಪರ ಹಾಕಿಕೊಂಡು ಬಾಳಿದ್ದರಂತೆ. ಆ ಗುಂಡಿಮನೆಗಳನ್ನು ಅಗೆದು ತೆಗೆಯುವ ಕೂಲಿಗೆ ಊರಿನ ಹೆಂಗಸರು ಹೋದದ್ದು ಹೊಟ್ಟೆಪಾಡಿಗೆ. ಯಲ್ಲಕ್ಕ ಹೋದದ್ದು ಮಗಳನ್ನು ಹುಡುಕಲು.

ಹೆಸರಿಡುವ ಮುಂಚೆಯೇ ತೀರಿಕೊಂಡ ಕೂಸನ್ನು ಗಂಡ ಹುಲುಗಪ್ಪ ಇದೇ ದಂಡೆಯಲ್ಲಿ ಹೂತು ಬಂದಿದ್ದ. ಹೆತ್ತವಳಿಗೆ ಜಾಗ ತೋರಿಸಬಾರದು ಎಂಬುದು ಮನೆಯ ಹಿರಿಯರ ಕಟ್ಟಳೆ. ತೋರಿಸಿದರೆ ಅಲ್ಲೇ ಕೂತು ಅಳುತ್ತಾಳಂತೆ! ತೋರಿಸದಿದ್ದಕ್ಕೆ ಅವಳು ಹೋದಲ್ಲೆಲ್ಲ ಅತ್ತಳು. ಕಟ್ಟಳೆ ಮಾಡಿದ ಜಾಣರಿಗೆ ಅದು ತೋಚಲಿಲ್ಲ. ವರ್ಷಗಳು ಕಳೆದು, "ಬೇವಿನ ಗಿಡದ ಬುಡಕ" ಎಂದು ಗಂಡ ಬಾಯಿಬಿಡುವ ಹೊತ್ತಿಗೆ ಆ ಬೇವೇ ಹೊಳೆಪಾಲಾಗಿತ್ತು.

ಪುರಾತತ್ವ ಇಲಾಖೆಯಿಂದ ಅಗೆತದ ಉಸ್ತುವಾರಿಗೆ ಬಂದಿದ್ದ ಶೈಲಶ್ರೀ ಮೇಡಂ ಮೊದಲ ದಿನವೇ ಹೇಳಿಕೊಟ್ಟಿದ್ದರು: ಒಮ್ಮೆ ತೋಡಿ ಮುಚ್ಚಿದ ನೆಲ ಸುತ್ತಲಿನ ಮಣ್ಣಿಗಿಂತ ಕಪ್ಪಗೆ, ಸಡಿಲವಾಗಿ ಇರುತ್ತದೆ. ಆ ಒಂದು ಮಾತನ್ನು ಯಲ್ಲಕ್ಕ ಸೆರಗಿನಲ್ಲಿ ಗಂಟು ಕಟ್ಟಿಕೊಂಡಳು.

ಮಳೆ ಹಿಡಿಯಿತು. ಡ್ಯಾಮಿನ ಗೇಟು ತೆಗೆಯುತ್ತಾರೆ, ಯಾರೂ ಹೊಳೆಗೆ ಇಳಿಯಬೇಡಿ ಎಂದು ಆಟೋದ ಮೈಕು ಕೂಗಿಕೊಂಡು ಹೋಯಿತು. ಎಲ್ಲರೂ ಗುಂಡಿಗಳ ಸುತ್ತ ಮರಳಿನ ಚೀಲ ಪೇರಿಸುವಾಗ ಯಲ್ಲಕ್ಕ, ಅಗೆತದ ಎಲ್ಲೆಗೆ ಗೂಟ ನೆಟ್ಟು ಕಟ್ಟಿದ್ದ ಹಗ್ಗದ ಕಡೆ ತೋರಿಸಿ, ಮೇಡಂ ಕೈ ಹಿಡಿದಳು.

"ಆ ಹಗ್ಗದಾಚೆ ಒಂಚೂರು ಅಗಿಯಾಕ ಬಿಡ್ರಿ. ಬೇವಿನ ಗಿಡ ಅಲ್ಲೇ ಇತ್ತಂತ್ರಿ, ನನ್ನ ಕೂಸೈತ್ರಿ ಅಲ್ಲಿ."

"ಅಲ್ಲಿ ಅಗೆಯೋಕೆ ಪರ್ಮಿಷನ್ ಇಲ್ಲ ಯಲ್ಲಕ್ಕ. ನೀರು ಬರ್ತಿದೆ, ಮೇಲೆ ಹತ್ತಿ."

ಅವಳು ಹಗ್ಗ ದಾಟಿ ಹುಚ್ಚಿಯ ಹಾಗೆ ಕರಣೆಯಿಂದ ನೆಲ ಕೆರೆದಳು. ಮರಳಿನ ಚೀಲ ಹೊರಲು ಬಂದಿದ್ದ ಹುಲುಗಪ್ಪ ಓಡಿಬಂದು ರಟ್ಟೆ ಹಿಡಿದು ಎಳೆದ. "ಬ್ಯಾಡ, ಬಿಡು! ಹೊಳಿ ಬಂತು!" ಅವನೂ ಅಳುತ್ತಿದ್ದ. ಅಷ್ಟರಲ್ಲಿ ಮೊರದಗಲ ಕಪ್ಪು ಮಣ್ಣು ಕಂಡಿತು. ಕೈಯಿಟ್ಟರೆ ಸಡಿಲ. ಹುಲುಗಪ್ಪ ರಟ್ಟೆ ಬಿಟ್ಟು ತಾನೂ ಬರಿಗೈಲಿ ಬಗೆಯತೊಡಗಿದ.

ಸಿಕ್ಕಿದ್ದು ಬೂದುಬಣ್ಣದ ಗಡಿಗೆ. ಒಳಗೆ ಕಡ್ಡಿಯಷ್ಟು ಸಣ್ಣ ಎಲುಬುಗಳು.

"ಇದು ನಮ್ಮದಲ್ಲ" ಎಂದ ಹುಲುಗಪ್ಪ. "ನಾ ಗಡಿಗ್ಯಾಗ ಇಡಲಿಲ್ಲ. ನಿನ್ನ ಹಸರು ಸೀರ್ಯಾಗ ಸುತ್ತಿದ್ದೆ."

ಮೇಡಂ ಓಡಿಬಂದರು. ಪರ್ಮಿಷನ್ನು ಯಾರಿಗೂ ನೆನಪಾಗಲಿಲ್ಲ. "ಸಾವಿರಾರು ವರ್ಷದ ಮಗು! ಎಲ್ಲರೂ ಬನ್ನಿ, ಬೇಗ!" ಬಂದರು ಎಲ್ಲರೂ. ಹತ್ತಿ ಹಾಸಿ, ಗಡಿಗೆಯನ್ನು ಪೆಟ್ಟಿಗೆಯಲ್ಲಿಟ್ಟು, ಕೊಡೆ ಹಿಡಿದು ದಂಡೆ ಹತ್ತಿಸಿದರು. ಯಲ್ಲಕ್ಕನನ್ನು ಇಬ್ಬರು ಎಳೆದುಕೊಂಡು ಬಂದರು. ಹಿಂದೆ ನೀರು ಹಗ್ಗವನ್ನೂ ಗೂಟವನ್ನೂ ಮುಳುಗಿಸಿತು.

ಹೊಸಪೇಟೆಗೆ ಹೊರಟ ಜೀಪಿನಲ್ಲಿ ಪೆಟ್ಟಿಗೆ ಕುಲುಕದಂತೆ ಹಿಡಿಯಲು ಒಬ್ಬರು ಬೇಕಿತ್ತು. ಯಲ್ಲಕ್ಕನ ಮಡಿಲಲ್ಲಿಟ್ಟರು. ಅವಳು ಅದಕ್ಕೆ ಸೆರಗು ಹೊದಿಸಿದಳು. ಹೊಳೆಯ ಕಡೆ ತಿರುಗಿ ನೋಡುವ ಧೈರ್ಯವಾಗಲಿಲ್ಲ.

"ಮೆಲ್ಲಕ ಹೊಡಿಯಪ್ಪಾ" ಎಂದಳು ಡ್ರೈವರಿಗೆ. "ಇನ್ಮ್ಯಾಲೆ ಇದರವ್ವಗೂ ಜಾಗ ಗೊತ್ತಾಗಂಗಿಲ್ಲ."