ಹೆಬ್ಬೆರಳಿಗೆ ಬಂದ ಕೆಲಸ

ಒಂದು ಕಂಪನಿಯ ಕಂಪ್ಯೂಟರ್ ಬಿಟ್ಟು ಇನ್ನೊಂದಕ್ಕೆ ಯಾಕೆ ಹೋದಿರಿ ಎಂದು ಕೇಳಿದರೆ ಜನ ವೇಗ, ಅಂದ, ವೈರಸ್ಸಿನ ಕಾಟ ಎಂದು ಏನೇನೋ ಹೇಳುತ್ತಾರೆ. ನನ್ನ ತಂಗಿ ಬದಲಾಯಿಸಿದ್ದು ಗಂಡ ಅವಳ ಎಡಗೈ ಕಿರುಬೆರಳು ಮುರಿದದ್ದಕ್ಕೆ.

ನಾವಿಬ್ಬರೂ ಒಂದೇ ಪ್ರೆಸ್ಸಿನಲ್ಲಿದ್ದೇವೆ. ನಾನು ಬೈಂಡಿಂಗ್ ಮಾಡುವವಳು, ಅವಳು ಕಂಪ್ಯೂಟರಿನಲ್ಲಿ ಪುಸ್ತಕದ ಪುಟ ಜೋಡಿಸುವವಳು. ಅವಳ ಕೈ ಓಡುವುದನ್ನು ನೋಡುತ್ತ ಎಷ್ಟೋ ಸಲ ನಾನು ಹೊಲಿಗೆ ಮರೆತು ನಿಂತುಬಿಡುತ್ತಿದ್ದೆ. ಅವಳ ಗಂಡನಿಗೆ ಅದೇ ಹೊಟ್ಟೆಯುರಿ. ತಾನೊಂದು ಕಡೆ ನೆಟ್ಟಗೆ ದುಡಿಯಲಿಲ್ಲ, ಹೆಂಡತಿ ದುಡಿದರೆ ಸಹಿಸಲಿಲ್ಲ. ಕೆಲಸ ಬಿಡು ಎಂದ, ಅವಳು ಬಿಡಲಿಲ್ಲ. ಒಂದು ಬೆಳಿಗ್ಗೆ ಅವಳ ಕೈಯನ್ನು ಬೀರುವಿನ ಸಂದಿಗೆ ಒತ್ತಿ ಹಿಡಿದು ಬಾಗಿಲು ಒದ್ದ, ದರಿದ್ರದವನು. ಮೂಳೆ ಕೂಡಿತು, ಆದರೆ ಬೆರಳು ಸೊಟ್ಟಗೆ ಮರಗಟ್ಟಿತು.

ಹಳೆಯ ಕಂಪ್ಯೂಟರಿನಲ್ಲಿ ಕಾಪಿ ಮಾಡಲೂ ಸೇವ್ ಮಾಡಲೂ ಕೀಬೋರ್ಡಿನ ಎಡಮೂಲೆಯ ಕಂಟ್ರೋಲ್ ಕೀ ಒತ್ತಿ ಹಿಡಿದಿರಬೇಕು. ಅದು ಕಿರುಬೆರಳಿನ ಪಾಲಿನ ಕೆಲಸ. ಬೇರೆ ಬೆರಳಿನಿಂದ ಒತ್ತಲು ಹೋಗಿ ಅವಳ ಕೆಲಸ ಅರ್ಧಕ್ಕಿಳಿಯಿತು. ಮಾಲೀಕರು ಬೇರೆಯವರನ್ನು ನೋಡುತ್ತೇನೆಂದು ಗೊಣಗತೊಡಗಿದರು. ಕೆಲಸ ಹೋದರೆ ಅವಳು ಆ ಮನೆಯಲ್ಲಿ ಜೀವಂತ ಹೆಣವಾಗುತ್ತಾಳೆಂದು ನನಗೆ ಗೊತ್ತಿತ್ತು.

ಮಾಲೀಕರ ಕೋಣೆಯಲ್ಲಿ ಬೇರೆ ಕಂಪನಿಯ ಕಂಪ್ಯೂಟರ್ ಒಂದು ಧೂಳು ಹಿಡಿದು ಕೂತಿತ್ತು. ಅದರಲ್ಲಿ ಅದೇ ಕೆಲಸದ ಕೀ ಸ್ಪೇಸ್‌ಬಾರಿನ ಪಕ್ಕ, ಹೆಬ್ಬೆರಳಿನ ಕೆಳಗೇ ಇತ್ತು. ತಂಗಿ ಹಟ ಹಿಡಿದು ಅದನ್ನು ಕೇಳಿ ಪಡೆದಳು. ಮೊದಮೊದಲು ಕೈ ಹಳೇ ಮೂಲೆಗೇ ಹೋಗುತ್ತಿತ್ತು, ಅವಳು ತನ್ನ ಕೈಯನ್ನು ತಾನೇ ಬೈದುಕೊಳ್ಳುತ್ತಿದ್ದಳು. ಬರಬರುತ್ತ ಕೈ ಮತ್ತೆ ಓಡಿತು. ಯಾಕೆ ಬದಲಾಯಿಸಿದೆ ಎಂದವರಿಗೆಲ್ಲ, ಬಣ್ಣ ಚೆನ್ನಾಗಿ ಕಾಣುತ್ತದೆ ಎಂದಳು. ನಿಜ ಸಂಗತಿ ಗಂಡನ ಕಿವಿಗೆ ಬಿದ್ದರೆ ಹೆಬ್ಬೆರಳೂ ಉಳಿಯುವುದಿಲ್ಲವೆಂದು, ಯಾರಿಗೂ ಹೇಳದಂತೆ ನನ್ನಿಂದ ಆಣೆ ಮಾಡಿಸಿಕೊಂಡಳು.

ಆದರೆ ಮಾಲೀಕರ ಬಾಯಿಗೆ ಬೀಗ ಹಾಕುವವರು ಯಾರು? ಅವರು ದಿನಾ ಅವಳ ಕೈಚಳಕ ನೋಡುತ್ತಿದ್ದವರು. ಒಂದು ಮಧ್ಯಾಹ್ನ ಅವಳನ್ನು ಹುಡುಕಿಕೊಂಡು ಬಂದ ಗಂಡನೆದುರು, ನಿನ್ನ ಹೆಂಡತಿ ಜಾಣೆ ಕಣಯ್ಯ, ಈಗ ಎಲ್ಲ ಹೆಬ್ಬೆರಳಲ್ಲೇ ಮಾಡುತ್ತಾಳೆ ಎಂದು ಹೊಗಳಿಬಿಟ್ಟರು.

ಅವನು ನಕ್ಕ. ನಗುತ್ತಲೇ ಒಳಗೆ ಬಂದು ಅವಳ ಎಡಗೈ ಹಿಡಿದು ಹೆಬ್ಬೆರಳನ್ನು ಹಿಂದಕ್ಕೆ ಮಡಚಿದ. ಲಟಕ್ಕೆಂದಿತು. ನಾನು ಬೈಂಡಿಂಗಿನ ಮರದ ಸುತ್ತಿಗೆಯಿಂದ ಅವನ ಮೊಣಕೈಗೆ ಬಾರಿಸಿದೆ. ಅವನು ಹಿಡಿತ ಬಿಡಲಿಲ್ಲ, ಇನ್ನೊಂದು ಬಾರಿಸಿದೆ. ಅಷ್ಟರಲ್ಲಿ ತಂಗಿ ಪಕ್ಕದ ಮೇಜಿನ ಹಳೇ ಕೀಬೋರ್ಡನ್ನು ಬಲಗೈಯಲ್ಲಿ ಎತ್ತಿ ಅವನ ಮೂತಿಗೆ ಅಪ್ಪಳಿಸಿದಳು. ಕೀಗಳ ಜೊತೆ ಒಂದು ಹಲ್ಲೂ ಉದುರಿತು. ನನಗೆ ಪಾಪ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ.

"ಮನೆಗೆ ಬಾ, ನೋಡ್ಕೋತೀನಿ," ಎಂದ, ರಕ್ತ ಉಗುಳುತ್ತ.

"ಯಾವ ಮನೆಗೆ?" ಎಂದಳು ತಂಗಿ.

ಪ್ರೆಸ್ಸಿನವರು ಅವನನ್ನು ಹೊರಗೆ ದಬ್ಬಿದರು. ಮಾಲೀಕರು ಆಸ್ಪತ್ರೆಗೆ ಗಾಡಿ ತರಲು ಓಡಿದರು. ಪರದೆಯ ಮೇಲೆ ಪುಟ ಅರ್ಧಕ್ಕೆ ನಿಂತಿತ್ತು, ಸೇವ್ ಆಗಿರಲಿಲ್ಲ.

"ಅಕ್ಕ, ಇಲ್ಲಿ ಕೂತ್ಕೋ," ಎಂದಳು.

ಊದುತ್ತಿದ್ದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಬಲಗೈಯನ್ನು ಕೀಬೋರ್ಡಿನ ಮೇಲಿಟ್ಟಳು. ನಾನು ಅವಳ ಎಡಕ್ಕೆ ಕೂತು, ಸ್ಪೇಸ್‌ಬಾರಿನ ಪಕ್ಕ ಅವಳು ತೋರಿಸಿದ ಕೀಯನ್ನು ನನ್ನ ಹೆಬ್ಬೆರಳಿನಿಂದ ಒತ್ತಿ ಹಿಡಿದೆ.