ಯೆರ್ವಾಂತನ ಎಡಗಿವಿ

ಬೈರೂತಿನ ಅರ್ಮೇನಿಯನ್ನರ ಬಡಾವಣೆ ಬುರ್ಜ್ ಹಮ್ಮೂದಿನಲ್ಲಿ ಹಳೆಯ ಸ್ಪೀಕರುಗಳನ್ನು ರಿಪೇರಿ ಮಾಡುವವರು ಮೂವರಿದ್ದರು. ಇಬ್ಬರು ಗಿರಾಕಿಗಳನ್ನು ಕೂರಿಸಿ, ಕಾಫಿ ತರಿಸಿ, ಮನೆಮಂದಿಯ ಆರೋಗ್ಯ ವಿಚಾರಿಸುತ್ತಿದ್ದರು. ಮೂರನೆಯವನು ಯೆರ್ವಾಂತ್ ಸಾತ್ಜಿಯಾನ್. ಅವನು ಗಿರಾಕಿಗಳನ್ನು ಬೈಯುತ್ತಿದ್ದ. ಹಾಗಾಗಿ ಊರೆಲ್ಲ ಅವನ ಬಳಿಗೇ ಬರುತ್ತಿತ್ತು. ಇಷ್ಟು ಬೈಯುವವನಿಗೆ ಕೆಲಸ ಗೊತ್ತಿರಲೇಬೇಕು ಎಂಬುದು ಬೈರೂತಿನವರ ತರ್ಕ.

ಕೆಲಸವೇನೋ ಗೊತ್ತಿತ್ತು. ಅಂತರ್ಯುದ್ಧಕ್ಕೆ ಮುಂಚೆ, ಎಪ್ಪತ್ತರ ದಶಕದಲ್ಲಿ, ಹಮ್ರಾದ ದೊಡ್ಡ ಅಂಗಡಿಯೊಂದರಲ್ಲಿ ಅವನು ಶ್ರೀಮಂತರ ಮನೆಗಳಿಗೆ ಸ್ಪೀಕರ್ ಜೋಡಿಸಿಕೊಡುತ್ತಿದ್ದ. ಯುದ್ಧ ಶುರುವಾದದ್ದೇ ಮಾಲೀಕ ಪ್ಯಾರಿಸ್ ಸೇರಿದ. ಆದರೆ ಆ ಮರದ ಪೆಟ್ಟಿಗೆಗಳು ಊರಲ್ಲೇ ಉಳಿದವು. ಶೆಲ್ ಬೀಳುವಾಗ ಫ್ರಿಜ್ಜು ಬಿಟ್ಟು ಸ್ಪೀಕರನ್ನು ಹೊತ್ತುಕೊಂಡು ನೆಲಮಾಳಿಗೆಗೆ ಓಡಿದವರಿದ್ದರು. ಅಂಥವರ ಪೆಟ್ಟಿಗೆಗಳೇ ಮುಂದೆ ಒಂದೊಂದಾಗಿ ಗೊರಗುಟ್ಟುತ್ತ, ಕಟಕಟಿಸುತ್ತ ಅರಾಕ್ಸ್ ಬೀದಿಯ ಹಿಂದಿನ ಸಂದಿಯಲ್ಲಿದ್ದ ಅವನ ಅಂಗಡಿಗೆ ಬಂದವು.

ಒಮ್ಮೆ ವಕೀಲರೊಬ್ಬರು ಬಂದರು. ಕಸುಬುದಾರರನ್ನು ಅಲ್ಲಿ ಮುಅಲ್ಲಿಂ, ಅಂದರೆ ಮೇಷ್ಟ್ರೇ, ಎಂದು ಕರೆಯುವುದು ವಾಡಿಕೆ.

"ಮುಅಲ್ಲಿಂ, ಸ್ಪೀಕರ್ ಗುಂಯ್ ಅನ್ನುತ್ತೆ."

"ಯಾವಾಗ?"

"ಸಂಜೆ ಆರಕ್ಕೆ ಶುರು."

"ಕರೆಂಟು ಹೋಗೋದು ಎಷ್ಟು ಹೊತ್ತಿಗೆ?"

"ಆರಕ್ಕೆ."

"ನಿಮ್ಮ ಬೀದಿಯ ಜನರೇಟರ್ ಶುರುವಾಗೋದು?"

ವಕೀಲರು ಹುಬ್ಬು ಗಂಟಿಕ್ಕಿ ಯೋಚಿಸಿದರು. "ಆರಕ್ಕೆ."

"ಕೋರ್ಟಿನಲ್ಲಿ ನೀವು ಯಾವತ್ತಾದರೂ ಗೆದ್ದದ್ದುಂಟಾ?"

ವಕೀಲರು ಈ ಮಾತನ್ನು ಹೋದಲ್ಲೆಲ್ಲ ಹೇಳಿಕೊಂಡು ನಕ್ಕರು. ಅದರಿಂದ ಇನ್ನೂ ನಾಲ್ವರು ವಕೀಲರು ಬೈಸಿಕೊಳ್ಳಲು ಬಂದರು.

ಯೆರ್ವಾಂತನ ಹೆಮ್ಮೆಯೆಲ್ಲ ಅವನ ಎಡಗಿವಿ. ಪೆಟ್ಟಿಗೆಯ ಬಟ್ಟೆಗೆ ಅದನ್ನು ಒತ್ತಿ, ಕಣ್ಣು ಮುಚ್ಚಿ, ಜಪಕ್ಕೆ ಕೂತವನ ಮುಖ ಮಾಡಿ, ಕೊನೆಗೆ "ಅಂಚು ಹರಿದಿದೆ" ಅಥವಾ "ಒಳಗೆ ತಂತಿ ಉಜ್ಜುತ್ತಿದೆ" ಎಂದು ತೀರ್ಪು ಕೊಡುತ್ತಿದ್ದ. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಅಂಗಡಿಯ ಮೇಲೇ ಮನೆ. ಹೆಂಡತಿ ಸಿರ್ವಾರ್ತಳಿಗೆ ಅಂಗಡಿಯೊಳಗೆ ಪ್ರವೇಶ ನಿಷಿದ್ಧ. ಎಂಬತ್ತಮೂರರಲ್ಲಿ ಅವಳು ಧೂಳು ಒರೆಸಲು ಹೋಗಿ ಯಾರದೋ ಸ್ಪೀಕರಿನ ನಡುವಿನ ಗುಬುಟನ್ನು ಬೆರಳಿನಿಂದ ಒಳಕ್ಕೆ ಒತ್ತಿಬಿಟ್ಟಿದ್ದಳು. ಇಪ್ಪತ್ತೈದು ವರ್ಷವಾದರೂ ಆ ಗುಬುಟು ಅವರ ಸಂಸಾರದಲ್ಲಿ ಒಳಕ್ಕೇ ಇತ್ತು. ಊಟಕ್ಕೆ ಕರೆಯಬೇಕಾದರೆ ಅವಳು ಮೆಟ್ಟಿಲ ಮೇಲೆ ನಿಂತು ಕೂಗಬೇಕು.

ಮೇ ತಿಂಗಳಲ್ಲಿ ಮದಾಮ್ ನಜ್ಲಾ ಬಂದರು. ನದಿಯಾಚೆಯ ಅಶ್ರಫಿಯಾದವರು. ನಲವತ್ತು ವರ್ಷ ಪಿಯಾನೋ ಪಾಠ ಹೇಳಿ ನಿವೃತ್ತರಾದವರು, ವಯಸ್ಸು ಎಪ್ಪತ್ತೊಂದು. ಹಿಂದೆಯೇ ಟ್ಯಾಕ್ಸಿಯವನು ತೇಗದ ದೊಡ್ಡ ಪೆಟ್ಟಿಗೆಯನ್ನು ಅಪ್ಪಿಕೊಂಡು, ತನ್ನ ಸೊಂಟವನ್ನು ತಾನೇ ಶಪಿಸುತ್ತ ಬಂದ.

"ಪಿಯಾನೋದ ಮೇಲಿನ ಸ್ವರಗಳು ಬಂದಾಗ ಇದರಿಂದ ಮರಳು ಉದುರಿದ ಹಾಗೆ ಸದ್ದು ಬರುತ್ತೆ," ಎಂದರು ನಜ್ಲಾ. "ಎರಡು ಪೆಟ್ಟಿಗೆಗಳ ವೈರುಗಳನ್ನು ಅದಲು ಬದಲು ಮಾಡಿ ನೋಡಿದೆ. ಯಾವ ವೈರಿಗೆ ಜೋಡಿಸಿದರೂ ಸದ್ದು ಈ ಪೆಟ್ಟಿಗೆಯಿಂದಲೇ ಬರುತ್ತೆ. ಅಂದರೆ ಆಂಪ್ಲಿಫೈಯರಿನ ತಪ್ಪಲ್ಲ, ಪೆಟ್ಟಿಗೆಯದೇ. ಅಲ್ಲವಾ?"

ಸರಿಯಾದ ಪರೀಕ್ಷೆ, ಸರಿಯಾದ ತೀರ್ಮಾನ. ಯೆರ್ವಾಂತನಿಗೆ ಅದೇ ಸಹಿಸಲಾಗಲಿಲ್ಲ. ಎಲ್ಲವನ್ನೂ ಮೊದಲಿನಿಂದ ಮಾಡಿದ. ಸ್ಪೀಕರಿನ ಕಾಗದದ ಕೋನನ್ನು ಎರಡೂ ಕೈಯ ಬೆರಳುಗಳಿಂದ ಮೆಲ್ಲಗೆ ಒತ್ತಿ ಬಿಟ್ಟ, ಎಲ್ಲೂ ಉಜ್ಜಲಿಲ್ಲ. ಪೆಟ್ಟಿಗೆಯ ಆರೂ ಮುಖಗಳನ್ನು ಗೆಣ್ಣಿನಿಂದ ತಟ್ಟಿದ. ಯಾವ ಹಲಗೆಯೂ ಸಡಿಲವಿರಲಿಲ್ಲ. ಸ್ವರ ಹೊರಡಿಸುವ ಯಂತ್ರವನ್ನು ಜೋಡಿಸಿ, ತಗ್ಗಿನಿಂದ ಪಿಯಾನೋದ ಕೊನೆಯ ಸ್ವರದವರೆಗೆ ಮುಳ್ಳು ತಿರುಗಿಸುತ್ತ ಎಡಗಿವಿಯನ್ನು ಬಟ್ಟೆಗೆ ಒತ್ತಿದ.

"ಏನೂ ಇಲ್ಲ."

"ಮರಳು?"

"ಮದಾಮ್, ನಮ್ಮ ವಯಸ್ಸಿಗೆ ಮರಳು ಎಲ್ಲೆಲ್ಲಿಂದಲೋ ಉದುರುತ್ತೆ. ಕಿವಿ ಡಾಕ್ಟರಿಗೆ ತೋರಿಸಿ."

ನಜ್ಲಾ ಹೇಳಿದ ಹಾಗೆ ಕೇಳುವ ಹೆಂಗಸು. ತೋರಿಸಿದರು. ಎರಡು ವಾರಕ್ಕೆ ಅದೇ ಪೆಟ್ಟಿಗೆ, ಅದೇ ಟ್ಯಾಕ್ಸಿಯವನು, ಜೊತೆಗೆ ಡಾಕ್ಟರ ಸಹಿಯಿದ್ದ ಒಂದು ಕಾಗದ. ನಲವತ್ತರ ಹೆಂಗಸಿನ ಕಿವಿ ಎಂದು ಅದರಲ್ಲಿ ಬರೆದಿತ್ತು.

"ಡಾಕ್ಟರು ತುಂಬಾ ಮರ್ಯಾದಸ್ಥರು," ಎಂದ ಯೆರ್ವಾಂತ್. ಆದರೂ ಪೆಟ್ಟಿಗೆ ಬಿಚ್ಚಿ, ಸ್ಕ್ರೂಗಳನ್ನು ಬಿಗಿ ಮಾಡಿ, ಒಣಗಿದಂತಿದ್ದ ಒಂದು ಕೆಪಾಸಿಟರ್ ಬದಲಿಸಿ ಕಳಿಸಿದ. ಮೂರನೆಯ ಸಲ ಟ್ಯಾಕ್ಸಿಯವನು ಪೆಟ್ಟಿಗೆಯನ್ನು ಇಳಿಸುತ್ತಲೇ, "ಮುಅಲ್ಲಿಂ, ದೇವರಾಣೆಗೂ ಇದನ್ನು ಇಲ್ಲೇ ಇಟ್ಟುಕೊಂಡುಬಿಡು, ನಿನಗೆ ಪುಣ್ಯ ಬರುತ್ತೆ," ಎಂದ.

ನಜ್ಲಾ ಈ ಸಲ ತಮ್ಮದೇ ರೆಕಾರ್ಡ್ ತಂದಿದ್ದರು. ಹಾಕಿಸಿದರು. ಎತ್ತರದ ಸ್ವರಗಳು ಬಂದವು. "ಈಗ!" ಎಂದರು. ಯೆರ್ವಾಂತ್ ಬಟ್ಟೆಗೆ ಕಿವಿ ಒತ್ತಿಕೊಂಡೇ ತಲೆಯಾಡಿಸಿದ. "ಈಗಲೂ!" ಅವನು ನಿಟ್ಟುಸಿರು ಬಿಟ್ಟು, ಹುಚ್ಚರನ್ನು ಸಂಭಾಳಿಸುವ ಮುಗುಳ್ನಗೆ ನಕ್ಕ.

ಅಷ್ಟರಲ್ಲಿ ಸಿರ್ವಾರ್ತ್ ಮೆಟ್ಟಿಲಿಳಿದು ಬಂದಳು. ಮಾಂಸದ ಪುಟ್ಟ ಕಡುಬು, ಮಂತಿ, ಬೇಯಿಸಿಟ್ಟು ಮೂರು ಸಲ ಕೂಗಿದ್ದಳು, ಯಾರೂ ಓಗೊಟ್ಟಿರಲಿಲ್ಲ. ಹೊಸ್ತಿಲಲ್ಲೇ ಮೂಗು ಮುರಿದಳು.

"ಅದೇನದು, ಕಾದ ಎಣ್ಣೆಗೆ ಒದ್ದೆ ಕೈ ಕೊಡವಿದ ಹಾಗೆ ಚಿಟಚಿಟ ಅಂತಿದೆ?"

ನಜ್ಲಾ ತಿರುಗಿ ನೋಡಿದರು. ನಲವತ್ತು ವರ್ಷದಲ್ಲಿ ಯಾವ ಶಿಷ್ಯೆಯನ್ನೂ ಅವರು ಅಷ್ಟು ಪ್ರೀತಿಯಿಂದ ನೋಡಿರಲಿಲ್ಲ.

"ನಿನಗೇನು ಗೊತ್ತು, ಮೇಲೆ ಹೋಗು," ಎಂದ ಯೆರ್ವಾಂತ್. ಅವಳು ಹೋಗಲಿಲ್ಲ. ಅವನು ಸ್ವರದ ಯಂತ್ರವನ್ನು ಹಚ್ಚಿ, ಈ ಸಲ ಪಿಯಾನೋದ ಎಲ್ಲೆಯನ್ನೂ ದಾಟಿ ಮುಳ್ಳು ತಿರುಗಿಸಿದ. ನಾಲ್ಕು ಸಾವಿರ ಹರ್ಟ್ಸ್ ದಾಟಿದ್ದೇ ಸ್ವರ ಬಡವಾಗಿ, ಆರು ಸಾವಿರಕ್ಕೆ ನಿಂತೇಹೋಯಿತು.

"ನೋಡಿ, ಇಲ್ಲಿ ಸತ್ತಿದೆ. ಚಿಕ್ಕ ಸ್ಪೀಕರ್ ಸುಟ್ಟಿದೆ," ಎಂದ ಗೆದ್ದವನಂತೆ.

"ಎಲ್ಲಿ ನಿಂತಿದೆ? ಕಿವಿ ಕೊರೀತಿದೆಯಲ್ಲ!" ಸಿರ್ವಾರ್ತ್ ಎರಡೂ ಕಿವಿ ಮುಚ್ಚಿಕೊಂಡಳು. ನಜ್ಲಾ ಹೌದೆಂದು ತಲೆಯಾಡಿಸಿದರು.

ಅವನು ಬೇರೆ ಪೆಟ್ಟಿಗೆ ಜೋಡಿಸಿದ. ಅದೂ ಆರು ಸಾವಿರಕ್ಕೆ ಸತ್ತಿತು. ವೈರು ಬದಲಿಸಿದ, ಆಂಪ್ಲಿಫೈಯರ್ ಬದಲಿಸಿದ, ಗೋಡೆಯ ಮೇಲಿದ್ದ ಮೂರನೆಯ ಜೋಡಿಯನ್ನೂ ಇಳಿಸಿದ. ಅಂಗಡಿಯಲ್ಲಿದ್ದ ಸ್ಪೀಕರುಗಳೆಲ್ಲ ಒಂದೇ ಅಂಕಿಯಲ್ಲಿ ಸಾಲಾಗಿ ಪ್ರಾಣ ಬಿಟ್ಟವು. ಒಂದೊಂದಾಗಿ ಬದಲಿಸುತ್ತ ಹೋಗು, ಯಾವುದನ್ನು ಬದಲಿಸಿದಾಗ ದೋಷ ಹೋಗುತ್ತದೋ ಅದರದೇ ತಪ್ಪು ಎಂದು ಅವನೇ ಜಗತ್ತಿಗೆಲ್ಲ ಪಾಠ ಹೇಳುತ್ತಿದ್ದ. ಇನ್ನು ಬದಲಿಸದೆ ಉಳಿದದ್ದು ಒಂದೇ ವಸ್ತು. ಅದು ಅಲ್ಲೇ ಮಂಡಿಯೂರಿ ಬೆವರುತ್ತಿತ್ತು.

ಕೊನೆಗೆ ಸಿರ್ವಾರ್ತಳೇ, "ಮಂತಿ ಆರಿಹೋಗುತ್ತೆ. ಮದಾಮ್, ನೀವೂ ಬನ್ನಿ," ಎಂದಳು. ಹೆಂಗಸರಿಬ್ಬರೂ ಮೇಲೆ ಹೋಗಿ ಉಂಡರು. ಯೆರ್ವಾಂತ್ ಬಾಗಿಲು ಎಳೆದುಕೊಂಡು ಒಬ್ಬನೇ ಕೂತ.

ಅಂಗಡಿ ಮೂರು ದಿನ ಮುಚ್ಚಿತ್ತು. ಆ ಮೂರು ದಿನ ಅವನು ತನ್ನನ್ನೇ ರಿಪೇರಿಗೆ ಬಂದ ಮಾಲಿನಂತೆ ಪರೀಕ್ಷಿಸಿಕೊಂಡ. ಅಲಾರಾಂ ಗಡಿಯಾರವನ್ನು ಬಲಗಿವಿಗೆ ಹಿಡಿದರೆ ಅಷ್ಟಿಷ್ಟು ಕೇಳಿಸಿತು. ಎಡಗಿವಿಗೆ ಹಿಡಿದರೆ ಏನೂ ಇಲ್ಲ. ಮೂವತ್ತೈದು ವರ್ಷ ಒಂದೇ ಕಿವಿಯನ್ನು ಕೀರಲು ಸ್ವರಕ್ಕೆ ಒಡ್ಡಿದರೆ ಇನ್ನೇನಾಗುತ್ತದೆ? ಎರಡು ವರ್ಷದ ಹಿಂದೆ, ಎದುರು ಬಾಲ್ಕನಿಯ ಹ್ರಿಪ್ಸಿಮೆಯ ಕೆನರಿ ಹಕ್ಕಿಯ ಹಾಡು ಕೇಳದಾದಾಗ, ಅದು ಸತ್ತಿತೆಂದು ಭಾವಿಸಿ ಅವಳಿಗೆ ಸಂತಾಪ ಹೇಳಿದ್ದ. ಅಂದಿನಿಂದ ಅವಳು ಮಾತು ಬಿಟ್ಟಿದ್ದಳು, ಯಾಕೆಂದು ಗೊತ್ತಿರಲಿಲ್ಲ. ಈಗ ಬಾಲ್ಕನಿಗೆ ಬಂದು ನೋಡಿದರೆ ಪಂಜರದಲ್ಲಿ ಹಕ್ಕಿ ಕೊರಳುಬ್ಬಿಸಿ ಕೊಕ್ಕು ತೆರೆದು ಮುಚ್ಚುತ್ತಿತ್ತು.

ಆಮೇಲೆ ನೆನಪಾದವರು ಗಿರಾಕಿಗಳು. ಸಿಳ್ಳೆ ಕೇಳುತ್ತದೆ ಎಂದ ಪ್ರಾಧ್ಯಾಪಕ, ಹಾಡುವವಳು 'ಸ' ಅಂದಾಗಲೆಲ್ಲ ಉಗುಳು ಸಿಡಿದಂತಾಗುತ್ತದೆ ಎಂದ ಔಷಧಿ ಅಂಗಡಿಯವನು. ಎಲ್ಲರಿಗೂ ಅವನು ಧಾರಾಳವಾಗಿ ಹುಚ್ಚಿನ ಪಟ್ಟ ಕಟ್ಟಿ ಕಳಿಸಿದ್ದ. ಬೆರಳು ಮಡಚಿ ಎಣಿಸಿದ, ಹನ್ನೊಂದು ಜನ.

ನಾಲ್ಕನೆಯ ದಿನ ಬೆಳಿಗ್ಗೆ ಅವನು ಹೆಂಡತಿಯ ಮುಂದೆ ನಿಂತು ಗಂಟಲು ಸರಿಮಾಡಿಕೊಂಡ.

"ಕೆಳಗೆ ಸ್ವಲ್ಪ ಬರ್ತೀಯಾ?"

"ಗುಬುಟು ಒತ್ತಿಬಿಟ್ಟರೆ?"

"ಕೈ ಹಿಂದಕ್ಕೆ ಕಟ್ಟಿಕೊಂಡು ಬಾ."

"ಹಾಗಾದರೆ ನೀನೇ ಕೇಳಿಸಿಕೋ."

"...ಸರಿ. ಕೈ ಹೇಗೆ ಬೇಕಾದರೂ ಇಟ್ಟುಕೋ."

ಅವಳು ದ್ರಾಕ್ಷಿ ಎಲೆಗಳ ಬುಟ್ಟಿ, ಅಕ್ಕಿ ಕಲಸಿದ ಬಟ್ಟಲು ಹಿಡಿದು ಬಂದು ಸ್ಟೂಲಿನ ಮೇಲೆ ಕೂತಳು. ಎಲೆ ಸುತ್ತುತ್ತಲೇ ನಜ್ಲಾರ ಪೆಟ್ಟಿಗೆಯನ್ನು ಕೇಳಿದಳು. ಯೆರ್ವಾಂತ್ ಒಂದೊಂದೇ ಕಡೆ ಮುಟ್ಟುತ್ತ ಬಂದ. ಮುಂಭಾಗ ಒತ್ತಿದ. "ಹಾಗೇ ಇದೆ." ವೈರು ಅಲುಗಿಸಿದ. "ಹಾಗೇ." ಪೆಟ್ಟಿಗೆಯ ಹಿಂದೆ, ಕೀರಲು ಸ್ವರ ಹೆಚ್ಚು ಕಡಿಮೆ ಮಾಡುವ ಚಿಕ್ಕ ಗುಂಡಿಗೆ ಬೆರಳು ತಾಕಿತು.

"ಅಯ್ಯೋ! ಬಾಣಲೆಯೇ ಬೋರಲು ಬಿದ್ದ ಹಾಗಾಯ್ತು!"

ಎಪ್ಪತ್ತನಾಲ್ಕರಿಂದ ಒಮ್ಮೆಯೂ ತಿರುಗಿಸದ ಗುಂಡಿ. ಒಳಗಿನ ಲೋಹ ಕಿಲುಬು ಹಿಡಿದು, ಕರೆಂಟು ಹಾಯುವಾಗಲೆಲ್ಲ ಸಿಡಿಯುತ್ತಿತ್ತು. ಬಿಚ್ಚಿ, ಸ್ಪಿರಿಟ್ಟಿನಿಂದ ತೊಳೆದು, ಐವತ್ತು ಸಲ ಆ ಕಡೆ ಈ ಕಡೆ ತಿರುಗಿಸಿ ಕೂರಿಸಿದ. ಅರ್ಧ ಗಂಟೆಯ ಕೆಲಸ. ಅದಕ್ಕಾಗಿ ಒಬ್ಬ ವೃದ್ಧೆ ಮೂರು ಸಲ ನದಿ ದಾಟಿದ್ದರು, ಒಬ್ಬ ಟ್ಯಾಕ್ಸಿಯವನ ಸೊಂಟ ಹೋಗಿತ್ತು.

"ಹೋಯ್ತಾ?" ಎಂದು ಕೇಳಿದ.

ಸಿರ್ವಾರ್ತ್ ಕೈಯಲ್ಲಿದ್ದ ಎಲೆಯನ್ನು ಸುತ್ತಿ ಮುಗಿಸಿದಳು. ಇನ್ನೊಂದನ್ನು ತೆಗೆದುಕೊಂಡಳು. ಅದನ್ನೂ ಸುತ್ತಿದಳು. ಇಪ್ಪತ್ತೈದು ವರ್ಷ ಮೆಟ್ಟಿಲ ಮೇಲೆ ನಿಂತವಳಿಗೆ ಅವಸರವಿರಲಿಲ್ಲ.

"ಹೋಯ್ತು," ಎಂದಳು.

ಭಾನುವಾರ ಗಂಡ ಹೆಂಡತಿ ಇಬ್ಬರೂ ಪೆಟ್ಟಿಗೆಯೊಂದಿಗೆ ಅಶ್ರಫಿಯಾಕ್ಕೆ ಹೋದರು. ನಜ್ಲಾ ಮಾಂಸದುಂಡೆಯಂಥ ಕಿಬ್ಬೆ ಮಾಡಿದ್ದರು. ಊಟವಾದ ಮೇಲೆ ಅದೇ ರೆಕಾರ್ಡ್ ಹಾಕಿದರು. ಯೆರ್ವಾಂತನಿಗೆ ಕೆಳಗಿನ ಸ್ವರಗಳು ಕೇಳಿದವು, ನಡುವಿನವು ಕೇಳಿದವು. ಮೇಲಿನವು ಬಂದಾಗ ಮರಕ್ಕೆ ತಟ್ಟಿದಂಥ ಸಣ್ಣ ಸದ್ದು ಮಾತ್ರ. ಅವನು ಹೆಂಗಸರ ಮುಖಗಳನ್ನು ನೋಡಿದ. ಅವೆರಡೂ ಒಂದೇ ಕ್ಷಣಕ್ಕೆ ಅರಳಿದವು. ತನಗೆ ಎಷ್ಟು ತಪ್ಪಿಹೋಗಿದೆಯೆಂಬ ಅಳತೆ ಅವನಿಗೆ ಸಿಕ್ಕಿದ್ದು ಆಗಲೇ.

"ಮದಾಮ್," ಎಂದ ಹೊರಡುವಾಗ, ಶೂ ಕಡೆ ನೋಡುತ್ತ, "ಆ ಮರ್ಯಾದಸ್ಥ ಡಾಕ್ಟರ ವಿಳಾಸ ಕೊಡ್ತೀರಾ?"

ಕ್ಷಮೆ ಕೇಳುವುದರಲ್ಲಿ ಅವನು ಇಷ್ಟು ದೂರ ಹೋದದ್ದು ಅದೇ ಮೊದಲು. ನಜ್ಲಾ ಬರೆದುಕೊಟ್ಟರು, ಅವನ ತೋಳನ್ನು ಮೆಲ್ಲಗೆ ತಟ್ಟಿದರು.

ಕಿವಿಗೆ ಯಂತ್ರ ಬಂತು. ಮಾತಿಗೆ ಪರವಾಗಿಲ್ಲ, ಸ್ಪೀಕರ್ ಪರೀಕ್ಷೆಗೆ ನಿಷ್ಪ್ರಯೋಜಕ. ಆ ಯಂತ್ರವೇ ಆಗಾಗ ಸಿಳ್ಳೆ ಹಾಕುತ್ತಿತ್ತು. ಹನ್ನೊಂದು ಜನಕ್ಕೂ ಫೋನು ಹೋಯಿತು: "ನಿಮ್ಮ ಮಾಲನ್ನು ಇನ್ನೊಮ್ಮೆ ತನ್ನಿ, ಕಾರಣ ಕೇಳಬೇಡಿ." ಒಂಬತ್ತು ಜನ ತಂದರು. ಸಿರ್ವಾರ್ತ್ ಸ್ಟೂಲು ಬಿಡಲಿಲ್ಲ. ಅವಳು ಅಡುಗೆಮನೆಯ ಭಾಷೆಯಲ್ಲಿ ಹೇಳುವಳು, ಅವನು ಅದನ್ನು ಸ್ಕ್ರೂ, ತಂತಿ, ಅಂಟುಗಳಿಗೆ ತರ್ಜುಮೆ ಮಾಡಿಕೊಳ್ಳುವನು.

ಮೊನ್ನೆ ಔಷಧಿ ಅಂಗಡಿಯವನ ಪೆಟ್ಟಿಗೆಯ ಮುಂದೆ ಇಬ್ಬರಿಗೂ ಜಗಳವೇ ಆಯಿತು. ಕೋನ್ ಹರಿದಿದೆ ಎಂದು ಇವನು. ಇಲ್ಲ, ಏನೋ ಸಡಿಲವಾಗಿ ತಾಳ ಹಾಕುತ್ತಿದೆ ಎಂದು ಅವಳು. ಔಷಧಿ ಅಂಗಡಿಯವನು ಹೋಗಿ ಕಾಫಿ ಕುಡಿದು ಬಂದರೂ ಮುಗಿದಿರಲಿಲ್ಲ. ಕೊನೆಗೆ ಯೆರ್ವಾಂತ್ ಪೆಟ್ಟಿಗೆ ಬಿಚ್ಚಿದ, ಒಳಗೆ ಕೈಯಾಡಿಸಿದ, ಒಂದು ಸ್ಕ್ರೂ ಬಿಗಿ ಮಾಡಿದ. ಆಮೇಲೆ ಎದ್ದು ನಿಂತು, ಸ್ಟೂಲಿನ ಕಡೆಗೆ ಬೆನ್ನು ಹಾಕಿ, ಗಿರಾಕಿಗೆ ಗಟ್ಟಿಯಾಗಿ ಹೇಳಿದ:

"ನಾನು ಆವಾಗಲೇ ಹೇಳಲಿಲ್ಲವಾ? ಸ್ಕ್ರೂ ಸಡಿಲ."