ಗಬ್ಬೂರು ಬಸ್ಸಿನ ಕ್ಲೈಮ್ಯಾಕ್ಸು

ಇವತ್ತು ಬೆಳಿಗ್ಗೆ ಬಟ್ಟೆ ನೆನೆಹಾಕುವ ಮುಂಚೆ ನನ್ನ ಪ್ಯಾಂಟಿನ ಜೇಬು ತಡಕಿದ ಹೆಂಡತಿಗೆ ಒಂದು ಹಿಡಿ ಶೇಂಗಾ ಸಿಪ್ಪೆ ಸಿಕ್ಕಿತು. ಬೇರೆ ಗಂಡಂದಿರ ಜೇಬಿನಲ್ಲಿ ಏನೇನೋ ಸಿಕ್ಕು ಮನೆಯಲ್ಲಿ ರಾಮಾಯಣವಾಗುತ್ತದಂತೆ. ನನ್ನ ಹಣೆಬರಹಕ್ಕೆ ಸಿಪ್ಪೆ. "ಕಾಳು ಯಾರಿಗೆ ತಿನಿಸಿ ಬಂದ್ರಿ?" ಎಂದಷ್ಟೇ ಕೇಳಿ ಆಕೆ ಉತ್ತರಕ್ಕೂ ಕಾಯದೆ ಒಳಗೆ ಹೋದಳು. ಕಾಯ್ದಿದ್ದರೆ ಹೇಳುತ್ತಿದ್ದೆ. ಈಗ ನೀವು ಸಿಕ್ಕಿದ್ದೀರಿ, ನಿಮಗೆ ಹೇಳುತ್ತೇನೆ.

ಸಿಪ್ಪೆ ಹೋದ ಭಾನುವಾರದ್ದು. ರಾಯಚೂರಿನ ಹೊಸ ಥಿಯೇಟರಿನಲ್ಲಿ ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ಅಲ್ಲಿ ಒಂದು ಡಬ್ಬಿ ಪಾಪ್‌ಕಾರ್ನ್ ಕೊಳ್ಳುವ ದುಡ್ಡಿಗೆ ನಮ್ಮ ಕಡೆ ಒಂದು ಮನೆಯ ವಾರದ ಸಂತೆ ಆಗುತ್ತದೆ. ಬಾಗಿಲ ಕಾಯುವವನು ಎಲ್ಲರ ಚೀಲ ತಡಕಿದ, ನನ್ನ ಬಿಳಿ ಕೂದಲಿಗೂ ಕನ್ನಡಕಕ್ಕೂ ಮರ್ಯಾದೆ ಕೊಟ್ಟು ಕೈ ಮುಗಿದ. ಹೀಗಾಗಿ ನಮ್ಮ ಚಿಗವ್ವ ಹುರಿದು ತಂದಿದ್ದ ಶೇಂಗಾ ಅಷ್ಟೂ, ಕಾಲೇಜಿನಲ್ಲಿ ಹಳಗನ್ನಡ ಪಾಠ ಮಾಡುವ ನನ್ನ ಜೇಬಿನಲ್ಲಿ ಕೂತು ಒಳಗೆ ಹೋಯಿತು.

ನಾವು ಹೋದದ್ದು ಆ ಸಿನಿಮಾದ ಎರಡನೆಯ ಭಾಗ ನೋಡಲು. ಹೆಸರು ಹೇಳುವುದಿಲ್ಲ. ಹೇಳಿದರೆ ಅಭಿಮಾನಿಗಳು ಮನೆತನಕ ಬರುತ್ತಾರೆ, ಮನೆಗೆ ಬಣ್ಣ ಹೊಡೆಸಿ ಇನ್ನೂ ವರ್ಷವಾಗಿಲ್ಲ. ಮೊದಲ ಭಾಗ ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ರಾಯಚೂರಿನಲ್ಲಿ ಅದು ಬಂದದ್ದೂ ಹೋದದ್ದೂ ಯಾರಿಗೂ ತಿಳಿಯಲಿಲ್ಲ. ಈಗ ಮೊಬೈಲಿನಲ್ಲಿ ಅದರ ತುಣುಕು ಹರಿದಾಡಿ, ಅದು 'ಕಲ್ಟ್' ಆಗಿದೆ. "ಕಲ್ಟು ಅಂದ್ರ ಏನಲೇ?" ಎಂದು ನಮ್ಮ ದುರುಗಪ್ಪ ಮಾವ ಕೇಳಿದಾಗ, ಬಂದಾಗ ಯಾರೂ ನೋಡದೆ, ಆಮೇಲೆ ಎಲ್ಲರೂ 'ನಾವು ಆಗಲೇ ನೋಡಿದ್ದೆವು' ಎನ್ನುವ ಸಿನಿಮಾ ಎಂದು ಹೇಳಿದೆ. "ಹಂಗಾರ ನಾವು ಖರೇನ ನೋಡೀವಿ ಬಿಡು, ನಮಗ ಅದು ಕಲ್ಟ್ ಅಲ್ಲ" ಎಂದ ಮಾವ. ತಾಲ್ಲೂಕು ಕಚೇರಿಯಿಂದ ನಿವೃತ್ತನಾದ ಮೇಲೆ ತಕರಾರು ತೆಗೆಯಲು ಅವನಿಗೆ ಸಿನಿಮಾವೇ ಗತಿ.

ನಾವು ಖರೇನೇ ನೋಡಿದ್ದೆವು. ಗಬ್ಬೂರಿನಿಂದ ದೇವದುರ್ಗಕ್ಕೆ ಹೋಗಿ, ಮ್ಯಾಟಿನಿಗೆ. ಆದರೆ ನಮ್ಮೂರ ಮಂದಿ ನೋಡುವುದಕ್ಕೆ ಒಂದು ಪದ್ಧತಿ ಇತ್ತು. ಊರಿಗೆ ಸಂಜೆಯ ಕಡೆಯ ಬಸ್ಸು ಹೊರಡುವ ಹೊತ್ತಿಗೂ ಸಿನಿಮಾ ಮುಗಿಯುವ ಹೊತ್ತಿಗೂ ಯಾವ ಕಾಲಕ್ಕೂ ಹೊಂದಿಕೆಯಾಗಲಿಲ್ಲ. ನಾಯಕ ಇನ್ನೇನು ಕೊನೆಯ ಏಟು ಹೊಡೆಯಬೇಕು, ಅಷ್ಟರಲ್ಲಿ ಗೇಟಿನವನು ಬಾಗಿಲು ತೆರೆದು "ಗಬ್ಬೂರಿನವರು ಏಳ್ರೀ!" ಎಂದು ಕೂಗುತ್ತಿದ್ದ. ನಾವು ಏಳುತ್ತಿದ್ದೆವು. ನಮ್ಮ ತಲೆಮಾರಿನ ಗಬ್ಬೂರಿಗರು ಒಬ್ಬ ಖಳನಾಯಕ ಸತ್ತದ್ದನ್ನೂ ಕಣ್ಣಾರೆ ಕಂಡವರಲ್ಲ. ಎಲ್ಲರೂ ಇನ್ನೂ ಬದುಕಿದ್ದಾರೆ ಎಂಬ ಅನುಮಾನ ನನಗೆ ಈಗಲೂ ಇದೆ; ಚುನಾವಣೆ ಬಂದಾಗ ಅದು ಹೆಚ್ಚಾಗುತ್ತದೆ.

ಮಿಕ್ಕ ಕಥೆಯನ್ನು ಬಸ್ಸಿನಲ್ಲಿ ಹೇಳುತ್ತಿದ್ದವಳು ಚಿಗವ್ವ, ನನ್ನ ತಾಯಿಯ ತಂಗಿ ನರಸಮ್ಮ. ಹತ್ತಿ ಬಿಡಿಸುವ, ಕಳೆ ಕೀಳುವ ಕೂಲಿ ಅವಳದು. ದೇವದುರ್ಗದಲ್ಲಿ ಅವಳ ಗೆಳತಿಯ ಮನೆ ಇತ್ತು, ಒಮ್ಮೊಮ್ಮೆ ಅಲ್ಲೇ ಉಳಿದು ಬರುತ್ತಿದ್ದಳು. ಅದೊಂದೇ ಅವಳ ಅಧಿಕಾರ. "ಹೋದ ಸಲ ಉಳದಾಗ ನಾ ಪೂರಾ ನೋಡೀನಿ" ಎಂದರೆ ಬಸ್ಸಿನಲ್ಲಿ ಪ್ರಶ್ನೆ ಮಾಡುವವರು ಇರಲಿಲ್ಲ. ಅವಳು ನಿಜವಾಗಿ ನೋಡಿದ್ದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆ ಸಿನಿಮಾದ ನಾಯಕ ಲಾರಿ ಡ್ರೈವರ್, ನಾಯಕಿ ರಸ್ತೆ ಬದಿಯ ಚಹಾ ಅಂಗಡಿಯವಳು. ಕೊನೆಗೆ ಸೇತುವೆಯ ಮೇಲೆ ನಾಯಕ ಏಟು ತಿಂದು ಲಾರಿಯ ಗಾಲಿಗೆ ಒರಗಿ ಬಿದ್ದಿದ್ದಾನೆ, ವೈರಿಗಳು ಜೀಪಿನಲ್ಲಿ ಬರುತ್ತಿದ್ದಾರೆ, ಆಕೆ ಓಡಿ ಬರುತ್ತಾಳೆ. ಗಬ್ಬೂರಿನವರು ಏಳ್ರೀ!

"ಆಮ್ಯಾಲ ಏನಾತು ನರಸಮ್ಮ?" ಎಂದು ಬಸ್ಸು ಕೇಳಿತು. ಬಸ್ಸು ಎಂದರೆ ಎಲ್ಲರೂ, ಟಿಕೇಟು ಹರಿಯುವುದು ನಿಲ್ಲಿಸಿದ ಕಂಡಕ್ಟರನೂ.

"ಏನಾಗ್ತದ? ಆತನ್ನ ಎತ್ತಿ ಲಾರ್ಯಾಗ ಹಾಕಿದ್ಲು. ಕೀಲಿ ತಿರುವಿದ್ಲು. ಜೀಪಿನ ಮುಂದಿಂದ ಹೊಡಕೊಂಡು ಹೋಗೇ ಬಿಟ್ಲು."

"ಆಕಿಗೆ ಲಾರಿ ಹೊಡ್ಯಾಕ ಬರ್ತದೇನು?"

"ದಿನಾ ಅಂಗಡ್ಯಾಗ ಕುಂತು ಲಾರಿ ನೋಡಿಲ್ಲೇನು? ನೋಡಿದ್ರ ಬರ್ತದ."

"ನೋಡಿದ್ರ ಬರ್ತದಂದ್ರ ನನಗ್ಯಾಕ ಪಗಾರ ಕೊಡ್ತಾರಬೇ?" ಎಂದು ಮುಂದಿನಿಂದ ಡ್ರೈವರ್ ಕೂಗಿದ. ಬಸ್ಸೆಲ್ಲ ನಕ್ಕಿತು. ಚಿಗವ್ವನ ತೊಡೆಯ ಮೇಲೆ ಕೂತಿದ್ದ ಅವಳ ಮಗಳು ಗಿರಿಜಾ ಮಾತ್ರ ನಗಲಿಲ್ಲ. ಕತ್ತು ಉದ್ದ ಮಾಡಿ ಆ ಡ್ರೈವರನ ಕೈಯನ್ನೇ ನೋಡುತ್ತಿದ್ದಳು.

ಮುಂದೆ ನಾನು ಓದಲು ರಾಯಚೂರಿನ ಹಾಸ್ಟೆಲ್ ಸೇರಿದಾಗ ಆ ಸಿನಿಮಾ ಮತ್ತೆ ಬಂದಿತ್ತು. ಪೂರ್ತಿ ನೋಡಿದೆ. ನಾಯಕಿ ಓಡಿ ಬರುತ್ತಾಳೆ, ನಾಯಕನಿಗೆ ಬರಬೇಕಾದ ಗುಂಡಿಗೆ ತಾನು ಎದೆಯೊಡ್ಡಿ, ಅವನ ತೊಡೆಯ ಮೇಲೆ ಬಿದ್ದು, ಉದ್ದದೊಂದು ಮಾತಾಡಿ ಸಾಯುತ್ತಾಳೆ. ಆಗಿನ ನಾಯಕಿಯರಿಗೆ ಸಾಯುವುದೇ ನೌಕರಿ. ನಾಯಕನಿಗೆ ಸಿಟ್ಟು ಬರಬೇಕಾದರೆ ಒಬ್ಬ ಹೆಂಗಸು ಸಾಯಲೇಬೇಕು. ತಾನಾಗಿ ಸಿಟ್ಟು ಬರುವಷ್ಟು ಬುದ್ಧಿಯನ್ನು ಯಾವ ನಿರ್ದೇಶಕನೂ ಅವನಿಗೆ ಕೊಟ್ಟಿರಲಿಲ್ಲ. ರಜೆಗೆ ಊರಿಗೆ ಹೋದವನು, ಎರಡಕ್ಷರ ಕಲಿತ ಸೊಕ್ಕಿನಲ್ಲಿ, "ಚಿಗವ್ವ, ಆಕಿ ಕೊನಿಗೆ ಸಾಯ್ತಾಳ" ಎಂದೆ. ಚಿಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ನೀ ರಾಯಚೂರಾಗ ನೋಡೀದಿ. ಅಲ್ಲಿ ಹಂಗ ಇರ್ತದ" ಎಂದಳು. ಅಲ್ಲಿಗೆ ನನ್ನ ವಿಮರ್ಶೆ ಮುಗಿಯಿತು.

ಗಿರಿಜಾಳಿಗೆ ಮಾತ್ರ ಅದು ಸಿನಿಮಾ ಆಗಿ ಉಳಿಯಲಿಲ್ಲ. ಚಿಕ್ಕವಳಿದ್ದಾಗ ಊಟದ ತಾಟನ್ನು ಸ್ಟೇರಿಂಗ್ ಮಾಡಿಕೊಂಡು ಕಟ್ಟೆಯ ಮೇಲೆ ಕೂತು ಬಾಯಿಂದ ಗಾಡಿ ಓಡಿಸುತ್ತಿದ್ದಳು. ಮದುವೆಯಾಗಿ ಮಾನ್ವಿಗೆ ಹೋದ ಮೇಲೆ ಡ್ರೈವಿಂಗ್ ಕಲಿಯುತ್ತೇನೆ ಎಂದಾಗ ಅತ್ತೆಮನೆಯವರು ನಕ್ಕರಂತೆ. "ಚಾ ಅಂಗಡ್ಯಾಕಿ ಹೊಡೀಲಿಲ್ಲೇನು?" ಎಂದು ಕೇಳಿದಳಂತೆ. ಈಗ ಮಾನ್ವಿಯಲ್ಲಿ ಶಾಲೆಯ ವ್ಯಾನು ಓಡಿಸುತ್ತಾಳೆ. ಚಿಗವ್ವನೂ ಅವಳ ಜೊತೆಗೇ ಇದ್ದಾಳೆ. ಮೊಬೈಲಿನಲ್ಲಿ ಆ ಸಿನಿಮಾ ಸಿಗುತ್ತದಲ್ಲ, ಗಿರಿಜಾ ಕೊನೆ ನೋಡಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿರುವ ಕೊನೆಯನ್ನು ಯಾರು ಹುಡುಕಿಕೊಂಡು ಹೋಗಿ ನೋಡುತ್ತಾರೆ, ಹೇಳಿ.

ಎರಡನೆಯ ಭಾಗ ಬರುತ್ತದೆ, ಬರುತ್ತದೆ ಎಂದು ವರ್ಷಗಟ್ಟಲೆ ಕಾಯಿಸಿ, ಅಂತೂ ಬಂತು. ನಮ್ಮ ಬಳಗದ ವಾಟ್ಸಾಪ್ ಗುಂಪಿನಲ್ಲಿ ಬಿಡುಗಡೆಯ ಹಿಂದಿನ ದಿನವೇ ವಿಮರ್ಶೆ ಶುರುವಾಯಿತು. ಅತಿ ಉದ್ದನೆಯದನ್ನು ಬರೆದವನು ಈವರೆಗೂ ಸಿನಿಮಾ ನೋಡಿಲ್ಲ. ನೋಡಿದವನೊಬ್ಬ ಐದಕ್ಕೆ ಐದು ನಕ್ಷತ್ರ ಕೊಟ್ಟು, "ಕತಿ ಏನೇ ಇರ್ಲಿ, ಒಳಗ ತಂಪು ಭಾಳ ಚಲೋ ಅದ" ಎಂದು ಬರೆದ. ನಮ್ಮ ರಾಯಚೂರು ಬಿಸಿಲು ಬಲ್ಲವರು ಇದಕ್ಕಿಂತ ಪ್ರಾಮಾಣಿಕ ವಿಮರ್ಶೆ ಬರೆಯಲಾರರು. ನಾನು ಕೂಡ ಒಂದು ಲೇಖನ ಸಿದ್ಧ ಮಾಡಿಟ್ಟುಕೊಂಡಿದ್ದೆ; ಸಿನಿಮಾ ನೋಡಿ ಬಂದು ಅಲ್ಲಲ್ಲಿ ಹೆಸರು ತುಂಬಿದರೆ ಆಯಿತು.

ಚಿಗವ್ವ ಹೋಗುವುದು ಬೇಡವೆಂದಳು. ಮೊಣಕಾಲು ನೋವು ಎಂದಳು. ಗಿರಿಜಾ ಕೇಳಬೇಕಲ್ಲ! ಭಾನುವಾರ ಶಾಲೆಯ ವ್ಯಾನು ಕೇಳಿ ತಂದು, ಅವ್ವನನ್ನು ಕೂರಿಸಿಕೊಂಡು, ಗಬ್ಬೂರಿಗೆ ಹೋಗಿ ಮಾವನನ್ನೂ ಉಳಿದ ಮಂದಿಯನ್ನೂ ತುಂಬಿಕೊಂಡು ರಾಯಚೂರಿಗೆ ಬಂದಳು. "ಆಕಿ ಈಗ ಎಷ್ಟು ಲಾರಿ ಮಾಡ್ಯಾಳೋ ನೋಡೂಣು ಬಾ ಅಣ್ಣ" ಎಂದಳು ನನಗೆ. ನಾನು ಚಿಗವ್ವನ ಮುಖ ನೋಡಿದೆ. ಅವಳು ಶೇಂಗಾದ ಚೀಲವನ್ನು ನನ್ನ ಕೈಗೆ ಕೊಟ್ಟು ಬೇರೆ ಕಡೆ ನೋಡಿದಳು.

ಮೊದಲ ದೃಶ್ಯ. ನಾಯಕನಿಗೆ ವಿಗ್ಗು. ಮೊದಲ ಭಾಗದಲ್ಲಿ ಲಾರಿಯಿಂದ ಲಾರಿಗೆ ಹಾರಿದವನು ಈಗ ಕುರ್ಚಿಯಿಂದ ಏಳುವಾಗ ಕ್ಯಾಮರಾ ಮರ್ಯಾದೆಯಿಂದ ಬೇರೆ ಕಡೆ ತಿರುಗಿಕೊಳ್ಳುತ್ತದೆ. ಎದ್ದವನು ಗೋಡೆಯ ಮುಂದೆ ನಿಂತ. ಗೋಡೆಯ ಮೇಲೆ ಚಹಾ ಅಂಗಡಿಯವಳ ಫೋಟೋ, ಫೋಟೋಕ್ಕೆ ಮಾಲೆ.

ಉಳಿದ ಪ್ರೇಕ್ಷಕರು ಸಿಳ್ಳೆ ಹೊಡೆದರು. ಗಬ್ಬೂರಿನ ಸಾಲು ಮುಂದಕ್ಕೆ ಬಾಗಿತು. "ಏ, ಈಕಿ ಯಾವಾಗ ಸತ್ಲಲೇ?" ಎಂದು ಮಾವ ಇಡೀ ಥಿಯೇಟರಿಗೆ ಕೇಳುವಂತೆ ಕೇಳಿದ. ಹಿಂದಿನಿಂದ ಯಾರೋ ಬೈದರು. ಗಿರಿಜಾ ತಿರುಗಿ, ಸಣ್ಣ ದನಿಯಲ್ಲಿ, "ಯವ್ವಾ, ಆಕಿ ಲಾರಿ ಹೊಡಕೊಂಡು ಹೋಗಿದ್ಲಲ್ಲ?" ಎಂದಳು.

"ಮುಂದ ನೋಡು" ಎಂದಳು ಚಿಗವ್ವ. ನನ್ನ ಜೇಬಿಗೆ ಕೈ ಹಾಕಿ ಶೇಂಗಾ ತೆಗೆದಳು, ಸುಲಿದಳು, ಕಾಳು ಮಗಳ ಕೈಗೆ ಕೊಟ್ಟಳು, ಸಿಪ್ಪೆ ನನ್ನ ಜೇಬಿಗೇ ಹಾಕಿದಳು. ಸಿನಿಮಾ ಉದ್ದಕ್ಕೂ ಅದೇ ಮಾಡಿದಳು. ಒಂದು ಕಾಳೂ ತಾನು ಬಾಯಿಗೆ ಹಾಕಲಿಲ್ಲ. ನನಗೆ ಸಂಕಟವಾಯಿತು, ಹಾಸ್ಟೆಲಿನ ಸೊಕ್ಕು ನೆನಪಾಗಿ ಇನ್ನಷ್ಟು ಆಯಿತು.

ಅಂತೂ ಮತ್ತದೇ ಸೇತುವೆ ಬಂತು. ನಾಯಕನೂ ವೈರಿಯೂ ಎದುರುಬದುರು ನಿಂತರು. ಆಗ ದುರುಗಪ್ಪ ಮಾವ ಎದ್ದ. ಅವನ ಹಿಂದೆ ಇಡೀ ಸಾಲು ಎದ್ದಿತು. ನಾನೂ ಎದ್ದೆ. ಹೊರಗೆ ಬಿಸಿಲಿಗೆ ಬಂದು ಕಣ್ಣು ಕಿರಿದು ಮಾಡಿಕೊಂಡು ನಿಂತಾಗಲೇ ನಮಗೆ ಹೊಳೆದದ್ದು: ಹಿಡಿಯಬೇಕಾದ ಬಸ್ಸೇ ಇರಲಿಲ್ಲ. ನಮ್ಮದೇ ವ್ಯಾನು ಎದುರಿಗೇ ಬೇವಿನ ಗಿಡದ ಕೆಳಗೆ ನಿಂತಿತ್ತು. "ಮತ್ತ ಒಳಗ ಹೋಗೂಣೇನು?" ಎಂದರೆ ಮಾವ, "ಎದ್ದ ಮ್ಯಾಲ ಮುಗೀತು" ಎಂದು ತೀರ್ಪು ಕೊಟ್ಟ.

ಎಲ್ಲರಿಗಿಂತ ಮೊದಲು ಹೊರಗೆ ಬಂದವರು ನಾವು. ಮೈಕ್ ಹಿಡಿದು ಕಾಯುತ್ತಿದ್ದ ಯೂಟ್ಯೂಬಿನವನು ನಮ್ಮ ಮೇಲೆ ಬಿದ್ದ. "ಯಜಮಾನ್ರೇ, ಸಿನಿಮಾ ಹೆಂಗದ ರೀ?"

"ಉಪ್ಪಿಲ್ಲದ ಒಗ್ಗರಣಿ" ಎಂದ ಮಾವ.

ನಾನು ಗಂಟಲು ಸರಿಮಾಡಿಕೊಂಡು, "ಸಮಕಾಲೀನ ಸಂದರ್ಭದಲ್ಲಿ..." ಎಂದು ತೊಡಗುವಷ್ಟರಲ್ಲಿ ಮೈಕು ಚಿಗವ್ವನ ಹತ್ತಿರ ಹೋಗಿತ್ತು. "ಯವ್ವಾ, ನೀವು ಹೇಳ್ರಿ. ಮೊದಲ್ನೇದಕ್ಕೂ ಇದಕ್ಕೂ ಹೊಂದಿಕಿ ಆಗ್ತದೇನ್ರಿ?"

ಎಲ್ಲರೂ ಅವಳನ್ನೇ ನೋಡಿದರು. ಗಿರಿಜಾ ವ್ಯಾನಿನ ಕೀಲಿ ಕೈಯಲ್ಲಿ ಹಿಡಿದು ಸ್ವಲ್ಪ ದೂರ ನಿಂತಿದ್ದಳು. ಚಿಗವ್ವ ಸೆರಗು ಸರಿಮಾಡಿಕೊಂಡಳು.

"ಹೆಂಗ ಆಗ್ತದಪ್ಪಾ? ಪಾಪ, ಈ ಸಿನಿಮಾ ತಗದವ ಮೊದಲ್ನೇದು ಪೂರಾ ನೋಡಿಲ್ಲ ಅನಸ್ತದ. ಬಸ್ಸಿಗೆ ಹೊತ್ತಾಗಿತ್ತೇನೋ, ನಡುವ ಎದ್ದು ಹೋಗ್ಯಾನ."

ಆ ಮಾತು ಈಗ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿದೆ. ಕೆಳಗೆ ಅಭಿಮಾನಿಗಳು ಜಗಳವಾಡುತ್ತಿದ್ದಾರೆ. ಒಬ್ಬ, ಅಜ್ಜಿಗೆ ಸಿನಿಮಾ ತಿಳಿಯುವುದಿಲ್ಲ ಎನ್ನುತ್ತಾನೆ; ಇನ್ನೊಬ್ಬ, ಅಜ್ಜಿಯೇ ಮೂರನೆಯ ಭಾಗ ಮಾಡಲಿ ಎನ್ನುತ್ತಾನೆ. ಅಲ್ಲಿದ್ದ ನಾವೆಲ್ಲ ನಕ್ಕಿದ್ದೆವು. ಗಿರಿಜಾ ನಗಲಿಲ್ಲ, ಅಂದು ಬಸ್ಸಿನಲ್ಲಿ ನಗದೆ ಇದ್ದ ಹಾಗೆಯೇ.

ನನ್ನನ್ನು ಮನೆಗೆ ಬಿಡಲು ವ್ಯಾನಿನಲ್ಲಿ ಕೂರಿಸಿಕೊಂಡರು. ಹಿಂದಿನ ಸೀಟುಗಳಲ್ಲಿ ಶಾಲೆಮಕ್ಕಳ ಜಾಗದಲ್ಲಿ ಮೊಣಕಾಲು ಮಡಚಿ ಕೂತ ಗಬ್ಬೂರು ಗದ್ದಲ ಹಾಕುತ್ತಿತ್ತು. ಗಿರಿಜಾ ಕೀಲಿ ತಿರುವಿದಳು, ಆದರೆ ಗಾಡಿ ಮುಂದಕ್ಕೆ ಬಿಡಲಿಲ್ಲ. ಕನ್ನಡಿಯಲ್ಲಿ ನೋಡದೆ ನೇರ ರಸ್ತೆ ನೋಡುತ್ತ ಕೇಳಿದಳು: "ಯವ್ವಾ, ಹಂಗಾರ ನೀ ಹೇಳಿದ್ದು ಸುಳ್ಳೇನು?"

ಹಿಂದಿನಿಂದ ಮಾವ ಕತ್ತು ಚಾಚಿದ.

"ನಿನ್ನ ಕೈಯಾಗ ಏನದ?" ಎಂದಳು ಚಿಗವ್ವ.

"ಸ್ಟೇರಿಂಗು."

"ಅದು ಸುಳ್ಳೇನು?"

ಗಿರಿಜಾ ಮುಂಗೈಯಿಂದ ಕಣ್ಣೊರೆಸಿಕೊಂಡು ಗೇರು ಹಾಕಿದಳು. ನನ್ನ ಮನೆಯ ತಿರುವು ಬಂದದ್ದು ನನಗೇ ಗೊತ್ತಾಗಲಿಲ್ಲ. ಅವಳೇ ನಿಲ್ಲಿಸಿ ಇಳಿಯಲು ಹೇಳಿದಳು.

ಇದು ಸಿಪ್ಪೆಯ ಕಥೆ. ಬಳಗದ ಗುಂಪಿನಲ್ಲಿ ನಕ್ಷತ್ರ ಹಂಚುವುದು ಇನ್ನೂ ನಿಂತಿಲ್ಲ, ನಾವು ನೋಡದೆ ಎದ್ದು ಬಂದ ಕೊನೆ ಏನೆಂದು ಮಾವ ದಿನಕ್ಕೊಂದು ತಕರಾರು ಹಾಕುತ್ತಾನೆ. ನನ್ನ ಲೇಖನವನ್ನು ಅಳಿಸಿ ಹಾಕಿದೆ. ಥಿಯೇಟರು ನನ್ನ ಮನೆಯಿಂದ ಆಟೋದ ದೂರ, ಮನಸ್ಸು ಮಾಡಿದರೆ ಇವತ್ತೇ ಹೋಗಿ ಕೊನೆ ನೋಡಿ ಬರಬಹುದು. ಹೋಗಲಿಲ್ಲ. ಸಿಪ್ಪೆಯನ್ನು ಮೇಜಿನ ಮೇಲಿಟ್ಟುಕೊಂಡು ಮಾನ್ವಿಗೆ ಫೋನು ಹಚ್ಚಿದೆ.

"ಚಿಗವ್ವ, ಆಮ್ಯಾಲ ಏನಾತು?"

ಆ ಕಡೆ ಚಿಗವ್ವ, ಬಸ್ಸಿನಲ್ಲಿ ಮಾಡುತ್ತಿದ್ದ ಹಾಗೆಯೇ, ಗಂಟಲು ಸರಿಮಾಡಿಕೊಂಡಳು.

"ಕೇಳು ಮತ್ತ. ಆತನ ಮನಿ ಮುಂದ ಲಾರಿ ಸಪ್ಪಳಾತು. ಆಕಿ ಬಾಗಿಲಾ ದಬ್ಬಿ ಒಳಗ ಬಂದ್ಲು. ಫೋಟಕ್ಕ ಹಾಕಿದ್ರಲ್ಲ ಮಾಲಿ, ಅದನ್ನ ತನ್ನ ಕೈಲೇ ತಗದು ಒಗದ್ಲು."